ಮಿಡ್ ಬ್ಯಾಂಡಿನಲ್ಲಿ ಅಡಗಿದ ಮಾತು

"ನನ್ನನ್ನ ಮನಿ ಬಿಡಸ್ರಿ ಅಂತ ನಮ್ಮವ್ವ ಹೇಳ್ಯಾಳಂತ್ರೀ. ನಾ ನಂಬಂಗಿಲ್ಲ."

ಮಸ್ಕಿಯಲ್ಲಿ ನಗ್ಮಾಳ ರೆಕಾರ್ಡಿಂಗ್ ಸ್ಟುಡಿಯೋಗೆ ಬಂದ ಗಂಗಾದೇವಿ ಕುರ್ಚಿ ಮುಟ್ಟಲೇ ಇಲ್ಲ. ಬಾಗಿಲಿಗೂ ಕಿಟಕಿಗೂ ಓಡಾಡುತ್ತಲೇ ಎಲ್ಲ ಹೇಳಿದಳು. ಮುಕ್ಕುಂದದಲ್ಲಿ ಅವಳ ತಾಯಿ ಕನಕಮ್ಮ ತೀರಿಕೊಂಡು ತಿಂಗಳಾಗಿತ್ತು. ಅಂದು ಇವಳು ಭತ್ತದ ನಾಟಿಗೆ ಹೋಗಿದ್ದಳು. ಅಣ್ಣ ಮಾಳಿಂಗರಾಯ ಮುದುಕಿಯ ಪಕ್ಕ ಮೊಬೈಲ್ ರೆಕಾರ್ಡಿಗಿಟ್ಟು ಡಾಕ್ಟರನ್ನು ಕರೆಯಲು ಓಡಿದ್ದ. ಆಮೇಲೆ ಗದ್ದಲ ತೆಗೆಸಲೆಂದು ಅದನ್ನು ಸಿಂಧನೂರಿನ ದಾನಿಷ್‌ನ ಸ್ಟುಡಿಯೋಗೆ ಕೊಟ್ಟ. ಮೊಬೈಲ್ ಕಾಲುವೆಗೆ ಬಿದ್ದುಹೋಯಿತು, ಉಳಿದದ್ದು ಸ್ಟುಡಿಯೋದವರು ಕೊಟ್ಟ ಪೆನ್‌ಡ್ರೈವ್ ಒಂದೇ. ಅದನ್ನು ಕೇಳಿ ತೀರ್ಪು ಹೇಳಲು ಹಿರಿಯರು ಆವತ್ತೇ ನಾಲ್ಕಕ್ಕೆ ಕೂಡುವವರಿದ್ದರು.

ಗಂಗಾದೇವಿ ತಂದಿದ್ದ ಆ ಪೆನ್‌ಡ್ರೈವ್ ಅನ್ನು ನಗ್ಮಾ ಹಚ್ಚಿ ಕೇಳಿದಳು. ಫ್ಯಾನಿನ ಗುಂಯ್ ನಡುವೆ ಮುದುಕಿಯ ದನಿ: "ಗಂಗಾನ್ನ ಈ ಮನಿ ಬಿಡಸೂದು." ಆಮೇಲೆ ಮಾತಿಲ್ಲ, ಪಕ್ಕದ ಎಲೆಯಡಿಕೆ ಕುಟ್ಟಾಣಿಗೆ ಅವಳ ಕೈ ತಾಗಿದಂಥ ಸಣ್ಣ 'ಟಿಣ್' ಅಷ್ಟೆ.

ಮಾತು ಕದ್ದ ಕಳ್ಳ ಅಣ್ಣನೇ ಎಂದು, ಅವಳನ್ನು ಆಟೋದಲ್ಲಿ ಕರೆತಂದ ನಾನು ತೀರ್ಪು ಕೊಟ್ಟುಬಿಟ್ಟೆ. ನನಗೇನು, ಬಾಯಿಗೆ ಬ್ರೇಕಿಲ್ಲ. "ಪಂಪಾಪತಿ, ಸುಮ್ನ ಆಟೋ ತೆಗಿ" ಎಂದಳು ನಗ್ಮಾ.

ಸಿಂಧನೂರಿನಲ್ಲಿ ದಾನಿಷ್‌ನ ಸ್ಟುಡಿಯೋ ತಲುಪಿದಾಗ ಎರಡೂವರೆ. ಮಾಳಿಂಗರಾಯನನ್ನೂ ಅಲ್ಲಿಗೇ ಕರೆಸಿದೆವು. ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಎಂದು ಅರಚತೊಡಗಿತು. ದಾನಿಷ್ ಕಿವಿ ಮುಚ್ಚಿಕೊಂಡ, ಮಾಳಿಂಗರಾಯ ಮುಖ ಸಿಂಡರಿಸಿದ, ನನಗಂತೂ ತಲೆ ಕೆಟ್ಟಿತು. ಅದಕ್ಕೆ ಬೆನ್ನು ಹಾಕಿ ಕೂತಿದ್ದ ಆಪರೇಟರ್ ಇಶ್ತಿಯಾಕ್ ಮಾತ್ರ ಫ್ಯಾನ್ ನಿಂತದ್ದು ನೋಡಿ, "ಕರೆಂಟ್ ಹೋತೇನ್ರೀ?" ಎಂದ. ಹನ್ನೆರಡು ವರ್ಷ ಮದುವೆ ಮೆರವಣಿಗೆಯಲ್ಲಿ ಡಿಜೆ ಬಾಕ್ಸ್ ಪಕ್ಕದಲ್ಲೇ ನಿಂತವನು ಎಂದು ದಾನಿಷ್ ಅವನನ್ನು ಹೊಗಳಿದ. ನಗ್ಮಾ ಕೇಳಿದ್ದಕ್ಕೆ ಮಾಳಿಂಗರಾಯ ಮುಚ್ಚಿಡದೆ ಹೇಳಿದ: ಮನೆ ಖಾಲಿಯಾದರೆ ಇಶ್ತಿಯಾಕ್‌ಗೆ ಅಂಗಡಿ ಹಾಕಲು ಕೊಡುವ ಮಾತಾಗಿತ್ತು.

ಕರೆಂಟ್ ಬಂದ ಮೇಲೆ, ಮೂರೂಕಾಲಿಗೆ ನಗ್ಮಾ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂಡಿಸಿದಳು. ಗಂಗಾದೇವಿ ಆಗಲೂ ಕೂರಲಿಲ್ಲ.

"ಇದಕ್ಕ ಎಕ್ಸ್‌ಪಾಂಡರ್ ಅಂತಾರ. ಥ್ರೆಶೋಲ್ಡ್ ಅನ್ನೂ ಗೆರಿಗಿಂತ ಸಣ್ಣ ದನಿಯನ್ನ ಇನ್ನೂ ಸಣ್ಣ ಮಾಡ್ತದ," ಎಂದಳು ನಗ್ಮಾ. ಅದರಲ್ಲಿ ದಪ್ಪ ದನಿಯಿಂದ ಚೂಪು ದನಿಯವರೆಗೆ ಮೂರು ಪಟ್ಟಿ, ಅಂದರೆ ಬ್ಯಾಂಡ್. ಕೆಳಗಿನದರಲ್ಲಿ ಫ್ಯಾನಿನ ಗುಂಯ್, ನಡುವಿನದರಲ್ಲಿ ಮನುಷ್ಯರ ಮಾತು, ಮೇಲಿನದರಲ್ಲಿ ಕುಟ್ಟಾಣಿಯ ಟಿಣ್. ಗದ್ದಲ ತೆಗೆಯುವವರು ಮೊದಲು ಫ್ಯಾನನ್ನು ತಗ್ಗಿಸಬೇಕಿತ್ತು. ಇಲ್ಲಿ ಫ್ಯಾನ್ ಹಾಗೇ ಇತ್ತು, ನಡುವಿನ ಗೆರೆಯನ್ನಷ್ಟೇ ಏರಿಸಿ ಮುದುಕಿಯ ಸೋತ ಕೊನೆಯ ಮಾತನ್ನು ಆ ಗೆರೆಗಿಂತ ಕೆಳಗೆ ಹಾಕಿದ್ದರು. ಅದು ಬೇಕೆಂದೇ ಮಾಡಿದ ಕೆಲಸ.

"ಮಾತಿಲ್ಲದ ಜಾಗದಾಗ ಟಿಣ್ ಒಂದೇ ಉಳಿದದ. ಅದು ಕಿವಿಗೆ ಬಿದ್ದವ ಆಗಿದ್ರ, ಅನುಮಾನ ಬರಬಾರ್ದಂತ ಅದನ್ನೂ ಅಳಸ್ತಿದ್ದ. ದಾನಿಷ್‌ಗೂ ಮಾಳಿಂಗರಾಯಗೂ ಇಂಥ ಚೂಪು ದನಿ ಕೇಳಸ್ತದ, ಯುಪಿಎಸ್ ಅರಚಿದಾಗ ನೋಡಿದ್ವಿ. ಇಶ್ತಿಯಾಕ್, ಡಿಜೆ ಬಾಕ್ಸ್ ಪಕ್ಕ ನಿಂತು ಕಿವಿ ಕೆಟ್ಟ ನಿನಗ ಕೇಳಸಲಿಲ್ಲ."

ಇಶ್ತಿಯಾಕ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಇನ್ನೊಂದು ಮರತಿ. ದನಿ ಎಷ್ಟು ತಗ್ಗಬೇಕು ಅನ್ನೂ ರೇಂಜ್ ಇದ್ದಂಗೇ ಬಿಟ್ಟಿ. ಮಾತು ಸತ್ತಿಲ್ಲ, ಸಣ್ಣದಾಗ್ಯಾದ ಅಷ್ಟ."

ಆ ಜಾಗದಲ್ಲಿ ನಡುವಿನ ಬ್ಯಾಂಡನ್ನಷ್ಟೇ ಮೇಲಕ್ಕೆತ್ತಿ ಮತ್ತೆ ಹಚ್ಚಿದಳು. "ಗಂಗಾನ್ನ ಈ ಮನಿ ಬಿಡಸೂದು…" ಟಿಣ್ ಜೊತೆಗೇ, ಉಸಿರಿನಲ್ಲಿ ಹೇಳಿದಂತೆ: "ಬ್ಯಾಡ."

ಇಶ್ತಿಯಾಕ್ ತಪ್ಪಾಯಿತೆಂದು ಕೈ ಮುಗಿದ. ಗಂಗಾದೇವಿ ಅವನತ್ತ ನೋಡಲೇ ಇಲ್ಲ.

"ಅಣ್ಣಾ, ಅವ್ವ ಹಂಗ ಅಂದಾಳಂತ ನೀ ಹೆಂಗ ನಂಬಿದಿ?"

ಮಾಳಿಂಗರಾಯ ನೆಲ ನೋಡುತ್ತ ಹೇಳಿದ: "ನನಗ ಮನಿ ಬೇಕಾಗಿತ್ತವ್ವಾ. ಅದಕ್ಕ ನಂಬಿದೆ."

ಹೊರಗೆ ಅವನು ಹಿರಿಯರ ಬಳಿ ಹೋಗಲು ಬೈಕ್ ಚಾಲೂ ಮಾಡಿ ತಂಗಿಗಾಗಿ ಕಾದ. ಅವಳು ಬಂದು ನನ್ನ ಆಟೋ ಹತ್ತಿದಳು.