ನಾಗವೇಣಿ ಬರೆಯದ ಧನ್ಯವಾದ

ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾಗವೇಣಿ ಬರೆಯದ ಧನ್ಯವಾದಕ್ಕೆ ನಾಲ್ಕು ಸಾವಿರ ಲೈಕ್ ಬಿದ್ದಿದ್ದವು.

ಅದನ್ನು ಮೊದಲು ಕಂಡವಳು ಅವಳಲ್ಲ. ಅವಳಿಗೆ ಫೇಸ್‌ಬುಕ್ ಖಾತೆಯೇ ಇರಲಿಲ್ಲ. ಹಿರೇಕೊಟ್ನೆಕಲ್ ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಣ್ಣುಮಗಳೊಬ್ಬಳು ಫೋನು ಮುಂದೆ ಹಿಡಿದಳು.

"ಏನವ್ವಾ, ರಾಯಚೂರಾಗ ಎರಡು ವರ್ಷ ಕೋಚಿಂಗ್ ಹೋಗಿದ್ದೆಂತ? ನಮಗ ಒಂದು ಮಾತೂ ಹೇಳಲಿಲ್ಲ!"

ತೆರೆಯ ಮೇಲೆ ನಾಗವೇಣಿಯದೇ ಫೋಟೋ. ಅವಳದೇ ಹೆಸರು. ಕೆಳಗೆ ಅವಳದಲ್ಲದ ಮಾತು.

"ಮನೆದೇವರ ಕೃಪೆಯಿಂದ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದೇನೆ. ಖುಷಿ ತಡೆಯಲಾಗುತ್ತಿಲ್ಲ! ನಾನು ಕಿರಣ್ ಸರ್ ಅವರ ಅಪ್ಪಟ ಅಭಿಮಾನಿ. ಎರಡು ವರ್ಷ ಶಿಖರಕಿರಣ ಅಕಾಡೆಮಿಯಲ್ಲಿ ಅವರು ಧಾರೆ ಎರೆದ ವಿದ್ಯೆಯೇ ಇದಕ್ಕೆ ಕಾರಣ. ಕೂಲಿ ಮಾಡಿ ಸಾಕಿದ ತಾಯಿ ಮುಕಮ್ಮ ಮತ್ತು ಕಿರಣ್ ಸರ್ ಪಾದಗಳಿಗೆ ಜನ್ಮಪೂರ್ತಿ ಋಣಿ."

ಆಯ್ಕೆಯಾದದ್ದು, ತಾಯಿ ಕೂಲಿ ಮಾಡಿ ಸಾಕಿದ್ದು ನಿಜ. ಉಳಿದದ್ದೆಲ್ಲ ಸುಳ್ಳು.

* * *

ಮಧ್ಯಾಹ್ನ ಅವಳು ರಾಯಚೂರಿನ ಸೈಬರ್ ಠಾಣೆಯಲ್ಲಿದ್ದಳು. ಕಣ್ಣು ನೆಲದ ಮೇಲೆ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಎದುರಿಗೆ ಹೆಡ್ ಕಾನ್‌ಸ್ಟೆಬಲ್ ಶಶಿಕಲಾ.

ಪಕ್ಕದ ಟೇಬಲ್ಲಿನಿಂದ, ದೂರು ಬರೆದುಕೊಳ್ಳುವ ರೈಟರ್ ಮೌನಪ್ಪ ನಕ್ಕ. ಹೆಸರಿಗಷ್ಟೇ ಮೌನ ಆತ.

"ಬೈದ್ರ ಕಂಪ್ಲೇಂಟ್ ಕೊಡೋದು ಕೇಳೀನಿ. ಹೊಗಳಿದ್ರೂ ಕೊಡ್ತಾರೇನ್ರೀ?"

"ನಿಮ್ಮ ಹೆಸರಿಲೆ ಯಾರರ ನನಗೊಂದು ಪ್ರೇಮಪತ್ರ ಬರದ್ರ ನಿಮ್ಮ ಮನ್ಯಾಗ ಸುಮ್ಮನಿರ್ತಾರೇನ್ರಿ?" ಶಶಿಕಲಾ ತಿರುಗಿ ಕೇಳಿದಳು.

ಮೌನಪ್ಪ ಫೈಲಿನೊಳಗೆ ಮುಖ ಹುದುಗಿಸಿದ.

"ಹೇಳವ್ವಾ," ಎಂದಳು ಶಶಿಕಲಾ. "ಇದರಿಂದ ನಿನಗೇನು ಲುಕ್ಸಾನ್ ಆತು?"

"ನನಗಲ್ರಿ. ನಮ್ಮ ಸರ್‌ಗೆ."

ಮಾನ್ವಿಯ ಜಿಲಾನಿ ಪಾಷಾ. ನಿವೃತ್ತ ಗಣಿತ ಮಾಸ್ತರು. ಪ್ರತಿ ಭಾನುವಾರ ತಮ್ಮ ಮನೆಯ ಪಡಸಾಲೆಯಲ್ಲಿ ಹಳ್ಳಿಯ ಹುಡುಗಿಯರಿಗೆ ಪುಕ್ಕಟೆ ಪಾಠ. ನಾಗವೇಣಿ ಎರಡು ವರ್ಷ ಕಲಿತದ್ದು ಅಲ್ಲಿ. ಈಗ ಒಂಬತ್ತು ಹುಡುಗಿಯರು ಬರುತ್ತಿದ್ದರು. ಪೋಸ್ಟ್ ಕಂಡ ಮೇಲೆ ಏಳು ಮನೆಯವರು, ಇದೇ ಭಾನುವಾರ ಶಿಖರಕಿರಣದಲ್ಲಿ ಅಡ್ಮಿಷನ್ ಮಾಡಿಸುತ್ತೇವೆ ಅಂದಿದ್ದಾರೆ.

"ಬೆಳಿಗ್ಗೆ ಸರ್ ಮನಿಗೆ ಹೋಗಿದ್ದೆ ಮೇಡಂ. 'ನಿಮ್ಮ ಸರ್ ರಾಯಚೂರಾಗ ಅದಾರಂತಲ್ಲವ್ವಾ' ಅಂದ್ರು. ಬಾಗಲಾ ಹಾಕ್ಕೊಂಡ್ರು."

ಅಷ್ಟು ಹೇಳಿ ಆಕೆ ತುಟಿ ಕಚ್ಚಿದಳು. ಶಶಿಕಲಾಗೆ ಮೈ ಉರಿಯಿತು. ತಕ್ಷಣ ಅಕಾಡೆಮಿಯ ಕಿರಣಕುಮಾರನಿಗೆ ಫೋನು ಹಚ್ಚಿದಳು.

"ಆಕಿನ ಬರದಾಳ ಮೇಡಂ, ನಾವು ಶೇರ್ ಮಾಡೀವಿ ಅಷ್ಟ," ಎಂದ ಆತ, ಜೇನು ಸುರಿಯುವ ದನಿಯಲ್ಲಿ. "ಎರಡು ವರ್ಷ ನಮ್ಮ ಮಗಳಂಗ ಇದ್ಳು. ಈಗ ನೌಕರಿ ಸಿಕ್ತಲ್ಲ, ನಾಚಿಗಿ ಬಂದಿರಬೇಕು."

"ಹಾಜರಿ ಪುಸ್ತಕ ತೋರಸ್ತೀರೇನು?"

"ಹೋದ ವರ್ಷದ್ದು ಮಳಿಗೆ ತೊಯ್ದು ಹೋತ್ರಿ."

ಖಾತೆ ಯಾರದೆಂದು ಫೇಸ್‌ಬುಕ್ ಕಂಪನಿಯವರು ತಿಳಿಸಲು ಹದಿನೈದು ದಿನ ಬೇಕು. ಭಾನುವಾರಕ್ಕೆ ನಡುವೆ ಉಳಿದದ್ದು ಎರಡೇ ದಿನ.

* * *

ಆ ಖಾತೆಗೆ ಮೊದಲು ಗೆಳತಿಯಾದವಳು ನೌಶೀನ್. ಮೊದಲ ಲೈಕೂ ಅವಳದೇ. ಹೃದಯದ ಚಿತ್ರ ಹನ್ನೆರಡು ಸಲ ಒತ್ತಿದ್ದಳು. ಆಕೆ ಜಿಲಾನಿ ಪಾಷಾರ ಮೊಮ್ಮಗಳು, ನಾಗವೇಣಿಯ ಗೆಳತಿ. ನೆಚ್ಚಿನ ಹಾಡುಗಾರನಿಗೊಂದು ಫ್ಯಾನ್ ಪೇಜ್ ನಡೆಸುತ್ತಿದ್ದಳು. ಫಲಿತಾಂಶದ ದಿನ ಇಬ್ಬರ ಸೆಲ್ಫಿ ಹಾಕಿ "ನಮ್ಮ ನಾಗಿ ಗೆದ್ದಳು" ಎಂದು ಊರಿಗೆಲ್ಲ ಸಾರಿದ್ದವಳೂ ಅವಳೇ.

ಶುಕ್ರವಾರ ಬೆಳಿಗ್ಗೆ ಮಾನ್ವಿಯಲ್ಲಿ ಶಶಿಕಲಾ ನೇರ ಕೇಳಿದಳು.

"ನೀನ ಬರದಿಯೇನು?"

ನೌಶೀನ್‌ಳ ಮೂಗು ಕೆಂಪಾಯಿತು. "ನಾಗಿ ಕೊನಿಗೂ ಫೇಸ್‌ಬುಕ್ಕಿಗೆ ಬಂದ್ಳು ಅಂತ ಖುಷಿಲೆ ಒತ್ತಿದ್ದೆ ಮೇಡಂ. ಆಮ್ಯಾಲೆ ಓದಿದೆ. ಓದಿ ಅತ್ತೆ. ಬರದಾಕಿ ನಾನ ಆಗಿದ್ರ ನಮ್ಮ ದಾದಾನ, ನಮ್ಮ ಅಜ್ಜನ ಹೆಸರು ಬಿಡ್ತಿದ್ದೆನೇನ್ರಿ? ಅದೂ ದೇವರು, ಪಾದ ಅಂತ ಬರೀತಿದ್ದೆನೇನು? ಮೂಕಮ್ಮ ಆಂಟಿ ಮನ್ಯಾಗ ದೇವರ ಜಗಲಿನ ಇಲ್ಲ. ಬುದ್ಧನ ಫೋಟೋ ಅಷ್ಟ."

ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ಗಟ್ಟಿ ಮಾತು. ಶಶಿಕಲಾ ಅವಳನ್ನು ಸಂಶಯದ ಪಟ್ಟಿಯಿಂದ ಬಿಟ್ಟಳು.

ಒಳಕೋಣೆಯಲ್ಲಿ ಜಿಲಾನಿ ಪಾಷಾ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಸಲಾಮಿಗೆ ಸಲಾಮು ಹೇಳಿದರು. ಮತ್ತೆ ಗೋಡೆಗೆ ತಿರುಗಿದರು.

* * *

ಹಿರೇಕೊಟ್ನೆಕಲ್‌ನ ಮನೆಯಲ್ಲಿ ನೌಶೀನ್ ಹೇಳಿದಂತೆಯೇ ಇತ್ತು. ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರದು. ನಾಗವೇಣಿಯ ತಾಯಿ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು.

"ಎಲ್ಲಾರೂ ಓದ್ಯಾರ, ನನಗ ಯಾರೂ ಓದಿ ಹೇಳಿಲ್ಲ. ಏನು ಬರದಾರ, ಓದ್ರಿ ನೋಡೂಣು," ಎಂದಳು ಆಕೆ.

ಶಶಿಕಲಾ ಒಂದೊಂದೇ ಅಕ್ಷರ ಹಿಡಿದು ಓದಿದಳು. "ಕೂಲಿ ಮಾಡಿ ಸಾಕಿದ ತಾಯಿ ಮುಕಮ್ಮ..."

"ಇದ್ಯಾರ್ರೀ ಮುಕಮ್ಮ?" ಆಕೆ ನಕ್ಕಳು. "ನಾ ಮೂಕಮ್ಮ."

ಶಶಿಕಲಾ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. ಈ ಪೋಸ್ಟನ್ನು ಇಪ್ಪತ್ತು ಸಲ ಓದಿದ್ದಳು. ಇಪ್ಪತ್ತು ಸಲವೂ ಕಣ್ಣು ತಾನೇ ತಿದ್ದಿ ಓದಿಕೊಂಡಿತ್ತು.

ಈ ಭಾಗದಲ್ಲಿ ಮೂಕಮ್ಮ ಎಂಬ ಹೆಸರನ್ನು ಕಿವಿಯಲ್ಲಿ ಕೇಳಿದವರು ಯಾರೂ ಮುಕಮ್ಮ ಅನ್ನುವುದಿಲ್ಲ. ಇದು ಕೇಳಿ ಬರೆದದ್ದಲ್ಲ. ಇಂಗ್ಲಿಷ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸಿದ್ದು.

"ನಾಗವೇಣಿ, ನಿನ್ನ ಕಾಗದಪತ್ರ ಎಲ್ಲಾ ತಗೊಂಡ್ಬಾ."

ಹತ್ತನೆಯ ತರಗತಿಯ ಅಂಕಪಟ್ಟಿ. ತಾಯಿಯ ಹೆಸರಿನಲ್ಲಿ ಎಮ್ ಆದ ಮೇಲೆ ಎರಡು ಓ. ಡಿಗ್ರಿಯದೂ ಹಾಗೆಯೇ. ಹುದ್ದೆಯ ಅರ್ಜಿಯಲ್ಲಿ ಮಾತ್ರ ಎರಡು ಓ ಜಾಗದಲ್ಲಿ ಒಂದೇ ಒಂದು ಯು.

"ಈ ಅರ್ಜಿ ಎಲ್ಲಿ ತುಂಬಿಸಿದ್ದಿ?"

"ದೇವದುರ್ಗದಾಗ್ರಿ. ಸಣ್ಣವ್ವನ ಊರಿಗೆ ಹೋದಾಗ. ಆನ್‌ಲೈನ್ ಸೆಂಟರಿನಾತ ಅವಸರ ಮಾಡಿ ತಪ್ಪು ಹೊಡದ. ಅದನ್ನ ತಿದ್ದಾಕ ಅಫಿಡವಿಟ್ ಮಾಡಿಸಬೇಕಾತು."

"ಫೋಟೋ?"

"ನನ್ನ ಹಂತ್ಯಾಕ ಇರಲಿಲ್ಲ. ಆತನ ಅಲ್ಲೇ ಕುಂದರಿಸಿ ತಗದ."

ನಾಗವೇಣಿ ಪೋಸ್ಟಿನ ಫೋಟೋ ನೋಡಿದಳು. ಅರ್ಜಿಯದು ನೋಡಿದಳು. ಒಂದೇ ಫೋಟೋ. ದನಿ ಮೊದಲ ಸಲ ಏರಿತು. "ಮೇಡಂ, ಇದ ಆ ಫೋಟೋ!"

* * *

ದೇವದುರ್ಗ ಬಸ್ ನಿಲ್ದಾಣದ ಹಿಂದಿನ ಓಣಿ. ಸೆಂಟರಿನ ಒಡೆಯ ನಿಂಗರಾಜ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದ. ಶಶಿಕಲಾ ಸಾದಾ ಸೀರೆಯಲ್ಲಿದ್ದಳು. ಓಣಿಯ ತುದಿಯಲ್ಲಿ ಮೌನಪ್ಪ ಚಹಾ ಕುಡಿಯುತ್ತ ನಿಂತಿದ್ದ.

"ತಮ್ಮಾ, ನಮ್ಮಕ್ಕನ ಮಗಳು ಪಾಸಾಗ್ಯಾಳ. ಫೇಸ್‌ಬುಕ್ಕಿನಾಗ ಛಂದ ಒಂದು ಥ್ಯಾಂಕ್ಸ್ ಹಾಕಬೇಕಿತ್ತು. ಬರೀಲಿಕ್ಕೆ ಬರ್ತದೇನು?"

"ಬರಿಯೋದ್ಯಾಕ್ರೀ ಅಕ್ಕಾ? ರೆಡಿ ಅದಾವ. ಹೆಸರು ಬದಲಿ ಮಾಡಿದ್ರ ಮುಗೀತು."

ಹೆಮ್ಮೆಯಿಂದ ಫೈಲು ತೆರೆದ. ಹನ್ನೊಂದು ಧನ್ಯವಾದ. ಹನ್ನೊಂದು ಊರಿನ ಹನ್ನೊಂದು ಮಕ್ಕಳು. ಎಲ್ಲರೂ ಕಿರಣ್ ಸರ್ ಅಭಿಮಾನಿಗಳು. ಎಲ್ಲರೂ ಅದೇ ಪಾದಗಳಿಗೆ ಋಣಿ. ನಾಲ್ಕನೆಯದು ನಾಗವೇಣಿಯದು. ಆರನೆಯದು ಮಲ್ಲಟದ ಜಾಹೆದಾಳದು.

"ಮನೆದೇವರ ಕೃಪೆಯಿಂದ," ಓದಿದಳು ಶಶಿಕಲಾ. "ಜಾಹೆದಾಳ ಮನಿದೇವರು ಯಾರಪ್ಪಾ?"

ನಿಂಗರಾಜನ ಕೈ ಮೌಸಿನ ಮೇಲೆಯೇ ನಿಂತಿತು. ಆಕೆ ಗುರುತಿನ ಚೀಟಿ ಟೇಬಲ್ಲಿನ ಮೇಲಿಟ್ಟಳು.

"ಮೇಡಂ... ಕಿರಣ್ ಸರ್ ಹೇಳಿದ್ರು, ನಾ ಬರದೆ. ಹೊಗಳೀನಿ ಅಷ್ಟ, ಯಾರಿಗೂ ಬೈದಿಲ್ರೀ!"

"ಅರ್ಜಿ ತುಂಬಿಸಾಕ ನಂಬಿ ಬಂದೋರ ಹೆಸರು, ಫೋಟೋ, ಅವ್ವನ ಹೆಸರು ಸೈತ ಎತ್ತಿ ಕೊಟ್ಟಿ. ಅವರ ಬಾಯಿನ ಕಿತ್ತುಕೊಂಡು ನೀನ ಮಾತಾಡಿದಿ. ಏಳು!"

ಕಂಪ್ಯೂಟರಿನಲ್ಲಿ ಕಿರಣಕುಮಾರನ ಸಂದೇಶಗಳಿದ್ದವು. "ಪಾಸಾದವರ ಡೀಟೇಲ್ಸ್ ಕಳಿಸು. ಹಳ್ಳಿ ಹುಡುಗಿಯರನ್ನು ಮೊದಲು ಹಾಕು. ಅವರು ಕೇಳಲು ಬರುವುದಿಲ್ಲ."

ಕೊನೆಯ ಸಾಲನ್ನು ಶಶಿಕಲಾ ಎರಡು ಸಲ ಓದಿದಳು. ನಂತರ ಮೌನಪ್ಪನನ್ನು ಪಂಚನಾಮೆಗೆ ಕರೆದಳು.

* * *

ಭಾನುವಾರ. ರಾಯಚೂರಿನ ಬಾಡಿಗೆ ಸಭಾಂಗಣದಲ್ಲಿ ಶಿಖರಕಿರಣದ ಅಡ್ಮಿಷನ್ ಸಭೆ. ವೇದಿಕೆಯ ಹಿಂದೆ ನಾಗವೇಣಿಯ ಮುಖದ ದೊಡ್ಡ ಫ್ಲೆಕ್ಸ್. ಕುರ್ಚಿಗಳಲ್ಲಿ ಮಾನ್ವಿ, ದೇವದುರ್ಗದ ತಂದೆ ತಾಯಿಗಳು, ಪಕ್ಕದಲ್ಲಿ ಬೆದರಿದ ಹುಡುಗಿಯರು. ಮಾನ್ವಿಯ ಆ ಏಳು ಮನೆಯವರೂ ಇದ್ದರು.

ಕಿರಣಕುಮಾರ ಮೈಕ್ ಹಿಡಿದಿದ್ದ. "ಆ ಮಗು ನನಗ ಬರದ ಮಾತು ಓದಿ ನಾನ ಅತ್ತುಬಿಟ್ಟೆ!"

ಶಶಿಕಲಾ ಸಮವಸ್ತ್ರದಲ್ಲಿ ನಡುದಾರಿಯಲ್ಲಿ ನಡೆದು ಬಂದಳು. ಅವಳ ಹಿಂದೆ ನಾಗವೇಣಿ, ಮೂಕಮ್ಮ.

"ಎರಡು ವರ್ಷ ಮಗಳಂಗ ಇದ್ಳು ಅಂದ್ರಿ," ಎಂದಳು ಶಶಿಕಲಾ. "ಆಕಿ ಅವ್ವನ ಹೆಸರು ಹೇಳ್ರಿ."

ಆತ ಒಂದು ಕ್ಷಣವೂ ತಡವರಿಸಲಿಲ್ಲ. ಪೋಸ್ಟು ಬಾಯಿಪಾಠವಾಗಿತ್ತು. "ಮುಕಮ್ಮ. ಮಹಾತಾಯಿ!"

"ಮುಕಮ್ಮ ಅನ್ನಾಕಿ ನಮ್ಮೂರಾಗ ಯಾರೂ ಇಲ್ಲ," ಮೂಕಮ್ಮ ಹಿಂದಿನ ಸಾಲಿಗೂ ಕೇಳುವಂತೆ ಕೂಗಿದಳು. "ನಾ ಮೂಕಮ್ಮ. ಹೆಸರಷ್ಟ ಮೂಕ, ಬಾಯಿ ಅದ. ಯಾರಿಗೆ ಕಲಿಸಿದ್ಯೋ ನೀನು? ನನ್ನ ಮಗಳು ನಿನ್ನ ಹೊಸ್ತಿಲಾ ತುಳದಿದ್ರ ತೋರಸು!"

ಸಭೆಯಲ್ಲಿ ಗುಜುಗುಜು ಎದ್ದಿತು. ಶಶಿಕಲಾ ಮೈಕ್ ತೆಗೆದುಕೊಂಡು ಬಿಡಿಸಿ ಹೇಳಿದಳು. ಒಂದು ಅರ್ಜಿಯಲ್ಲಿ ಮಾತ್ರ ಇದ್ದ ತಪ್ಪು. ಆ ಅರ್ಜಿ ತುಂಬಿಸಿದ ಅಂಗಡಿ. ಆ ಅಂಗಡಿಯ ಹನ್ನೊಂದು ಸಿದ್ಧ ಧನ್ಯವಾದ. ಅವನ್ನು ಬರೆಸಿದ ಸಂದೇಶಗಳು. ತಪ್ಪು ಹೆಸರು ಅರ್ಜಿಯಿಂದ ಪೋಸ್ಟಿಗೆ ಬಂದಿತ್ತು, ಪೋಸ್ಟಿನಿಂದ ಈತನ ನಾಲಿಗೆಗೆ. ಕಡೆಗೆ ಆ ಕೊನೆಯ ಸಾಲನ್ನೂ ಓದಿದಳು. "ಅವರು ಕೇಳಲು ಬರುವುದಿಲ್ಲ."

"ಒಳ್ಳೇದನ್ನ ಬರದೀವಲ್ರೀ," ಕಿರಣಕುಮಾರ ಒದರಿದ. "ಇದು ಪ್ರಚಾರ! ಎಲ್ಲಾರೂ ಮಾಡ್ತಾರ!"

"ಬ್ಯಾರೆಯವರಿಗೆ ಸಲ್ಲಬೇಕಾದ ಋಣಾನ ಕದ್ದು ಕೊರಳಿಗೆ ಹಾರ ಹಾಕ್ಕೊಂಡಿ. ಕಳವಿನ ಮಾಲಿಗೆ ಪ್ರಚಾರ ಅಂತ ಹೆಸರಿಟ್ಟಿ. ನಡಿ ಠಾಣೆಗೆ."

ಒಬ್ಬ ತಂದೆ ಎದ್ದು ಮಗಳ ಕೈ ಹಿಡಿದ. ಮತ್ತೊಬ್ಬರು ಎದ್ದರು. ಕುರ್ಚಿಗಳ ಕಿರುಚಾಟದಲ್ಲಿ ಕಿರಣಕುಮಾರನ ಮಾತು ಯಾರಿಗೂ ಕೇಳಲಿಲ್ಲ.

* * *

ಸಂಜೆ ಹೇಳಿಕೆ ಬರೆದುಕೊಳ್ಳಲು ಶಶಿಕಲಾ ಮಾನ್ವಿಗೆ ಹೋದಳು. ನಾಗವೇಣಿ ಜೊತೆಗಿದ್ದಳು. ಪಡಸಾಲೆಯಲ್ಲಿ, ಬಿಟ್ಟು ಹೋಗದ ಇಬ್ಬರ ಜೊತೆ, ಆ ಏಳರಲ್ಲಿ ಆರು ಹುಡುಗಿಯರು ಆಗಲೇ ಬಂದು ಕುಳಿತಿದ್ದರು. ಏಳನೆಯವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

ಜಿಲಾನಿ ಪಾಷಾ ಎದ್ದು ನಿಂತರು. "ಬಾರವ್ವಾ. ಕುಂದ್ರು."

ನಾಗವೇಣಿ ಕೂರಲಿಲ್ಲ. ಮೂರು ದಿನದಿಂದ ನೆಲ ನೋಡುತ್ತಿದ್ದ ಹುಡುಗಿ ಅವರ ಕಣ್ಣು ನೋಡಿದಳು.

"ಸರ್, ಬರೇ ಉತ್ತರಕ್ಕ ಮಾರ್ಕ್ಸ್ ಇಲ್ಲ, ಹೆಂಗ ಬಂತು ತೋರಸು ಅಂತಿದ್ರಿ. ನನ್ನ ವಿಷಯದಾಗ ಮಾತ್ರ ಬರೇ ಉತ್ತರ ನೋಡಿ ಬಾಗಲಾ ಹಾಕ್ಕೊಂಡ್ರಿ. ಆ ಕಿರಣಕುಮಾರ ಸುಳ್ಳು ಬರದ. ಆದ್ರ ನೀವು ನಂಬಿದ್ರಿ. ನೀವೂ!"

ನೌಶೀನ್ ಎತ್ತಿ ಹಿಡಿದಿದ್ದ ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು. ಶಶಿಕಲಾ ಪೆನ್ನಿನ ಮುಚ್ಚಳ ಹಾಕಿದಳು. ಇದು ಹೇಳಿಕೆಯಲ್ಲಿ ಬರೆಯುವ ಮಾತಲ್ಲ.

"ಬರೋಬ್ಬರಿ ಮಾತು," ಎಂದರು ಮಾಸ್ತರು. "ನಿನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದು. ಇವರೆಲ್ಲರ ಮುಂದ ಹೇಳಾಕತ್ತೀನಿ, ಮಾಫ್ ಮಾಡು."

ಚಾಕ್‌ಪೀಸನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. "ಇವತ್ತಿನ ಪಾಠ ನೀ ಮಾಡು. ನಾ ಹುಡುಗೇರ ಜೋಡಿ ಕುಂದರ್ತೀನಿ."

ನಾಗವೇಣಿ ಆ ಕೈಯನ್ನು ನೋಡುತ್ತ ನಿಂತಳು. ಸಿಟ್ಟು ಇಳಿದಿರಲಿಲ್ಲ. ಚಾಕ್ ತೆಗೆದುಕೊಂಡಳು. ಥ್ಯಾಂಕ್ಸ್ ಅನ್ನಲಿಲ್ಲ.

ಬೋರ್ಡಿನ ಕಡೆ ತಿರುಗಿ, "ಪುಸ್ತಕ ತಗೀರಿ," ಎಂದಳು.