ಗೋಡೆ ನೋಡುವ ಕಣ್ಣು

ಅವನಷ್ಟು ಒಳ್ಳೆಯವನು ಭೂಮಿ ತಿರುಗಲು ಶುರುಮಾಡಿದ ಮೇಲೆ ಹುಟ್ಟಿರಲಿಲ್ಲ. ರಸ್ತೆ ದಾಟಬೇಕಾದ ಮುದುಕಿಯರೆಲ್ಲ ಅವನಿಗಾಗಿ ಕಾಯುತ್ತಿದ್ದರು, ದಾಟಬೇಕಿಲ್ಲದವರೂ ಕಾಯುತ್ತಿದ್ದರು. ಲಿಫ್ಟಿನಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು ಬಿಟ್ಟು ಅವನು ಕೆಲಸಕ್ಕೆ ತಲುಪುವಾಗ ಊಟದ ಹೊತ್ತಾಗಿರುತ್ತಿತ್ತು. ಎಲ್ಲರೂ ಅವನನ್ನು ಅಪರಂಜಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿಹೋಗುತ್ತಿತ್ತು.

ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವುದು ಅವನ ಕಸುಬು. ಸೋದರತ್ತೆಯ ವರ್ಕ್‌ಶಾಪಿನಲ್ಲಿ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಪಾಪೆ ಎಲ್ಲಿ ಬರಬೇಕೆಂದು ಅಚ್ಚಿನ ಮೇಲೆ ಚುಕ್ಕೆ ಇಡುವವನು ಅವನು. ಆ ಚುಕ್ಕೆಯ ಮೇಲೆ ಕುಂಚದಿಂದ ಪಾಪೆ ಬರೆಯಲು ಹೊಸದಾಗಿ ಬಂದ ಹುಡುಗಿ ಅವಳು.

ಅವಳು ಕೆಲಸಕ್ಕೆ ಸೇರಿದ ದಿನ ಮಾದರಿಗೊಂದು ಕಣ್ಣು ಬೇಕೆಂದಳು. ಪರೋಪಕಾರಿ ತಾನೇ, ಮುಂದೆ ಬಂದು ಕುಳಿತ.

“ಅಲ್ಲಾಡ್ಬೇಡಿ.”

“ನಾನೆಲ್ಲಿ ಅಲ್ಲಾಡ್ದೆ?”

“ನೀವಲ್ಲ, ನಿಮ್ಮ ಕಣ್ಣು. ನನ್ನ ಹಣೆ, ಮೂಗು, ತುಟಿ ಅಂತ ಊರೆಲ್ಲ ಸುತ್ತಿ ಬರ್ತಿದೆ.”

“ಊರು ಚೆನ್ನಾಗಿದ್ರೆ ಅದೇನ್ಮಾಡತ್ತೆ, ಪಾಪ.”

ನಗು ತಡೆಯಲು ಅವಳು ಕುಂಚದ ತುದಿ ಕಚ್ಚಿದಳು. ಮತ್ತೆ ಬಗ್ಗಿದಳು. ಅವಳ ಉಸಿರು ಅವನ ರೆಪ್ಪೆಗೆ ತಾಗಿತು.

“ಬರೀ ಕಂದು ಅಂದ್ಕೊಂಡಿದ್ದೆ. ಒಳಗೆ ಒಂದು ಚೂರು ಹಸಿರು ಬಚ್ಚಿಟ್ಕೊಂಡಿದ್ದೀರಲ್ಲ, ಕಳ್ಳ!”

ಹುಟ್ಟಿದಾಗಿನಿಂದ ಅವನನ್ನು ಯಾರೂ ಕಳ್ಳ ಎಂದಿರಲಿಲ್ಲ. ಆ ಖುಷಿಗೆ ಅವನಿಗೆ ವಾರಗಟ್ಟಲೆ ಹಸಿವೆಯೇ ಆಗಲಿಲ್ಲ. ಅವಳಿಗೆ ಕುಂಚಮ್ಮ ಎಂದು ಹೆಸರಿಟ್ಟ. ‘ನೀವು’ ಹೋಗಿ ‘ನೀನು’ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಕಣ್ಣು ಮಾಡುವವರಿಗೆ ಒಂದು ಅಪಾಯವಿದೆ. ಎದುರು ಕುಳಿತವರ ಎಡ ನಮ್ಮ ಬಲ. ಊರಿನ ಬ್ಯಾಂಡ್ ಮಾಸ್ತರರು ಕಣ್ಣು ಮಾಡಿಸಲು ಬಂದು ಕುಳಿತ ದಿನ ಅಪರಂಜಿಯ ಗಮನವೆಲ್ಲ ಅವರ ಭುಜದಾಚೆ, ಕುಂಚಮ್ಮನ ಕತ್ತಿನ ಮೇಲೆ ಬಿದ್ದ ಬಿಸಿಲಿನಲ್ಲಿತ್ತು. ಮೂಗಿನ ಕಡೆಗೆ ವಾಲಬೇಕಿದ್ದ ಚುಕ್ಕೆ ಕಿವಿಯ ಕಡೆಗೆ ವಾಲಿತು. ಚುಕ್ಕೆ ಇದ್ದಲ್ಲಿಯೇ ಅವಳು ಪಾಪೆ ಬರೆದಳು.

ಆ ಕಣ್ಣು ಹಾಕಿಕೊಂಡು ಮನೆಗೆ ಹೋದ ಮಾಸ್ತರರು ತುತ್ತೂರಿಯಂತೆ ಮೊಳಗುತ್ತಾ ವಾಪಸ್ ಬಂದರು. “ಒಂದು ಕಣ್ಣು ಹೆಂಡ್ತೀನ ನೋಡತ್ತೆ, ಇನ್ನೊಂದು ಗೋಡೆ ನೋಡತ್ತೆ! ಪಕ್ಕದ ಮನೆಯವಳನ್ನ ನೋಡ್ತೀರಾ ಅಂತ ಅವಳು ಮಾತೇ ಬಿಟ್ಟಿದಾಳೆ!”

ಚಾವಣಿ ಕಿತ್ತುಹೋಗುವಷ್ಟು ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

“ಏನಮ್ಮಾ, ಚುಕ್ಕೆ ಬಿಟ್ಟು ಪಕ್ಕಕ್ಕೆ ಬರೆದ್ಯಾ? ನಮ್ಮ ಹುಡುಗನ ಕೈಯಂತೂ ತಪ್ಪಲ್ಲ.”

ಚುಕ್ಕೆ ಬಣ್ಣದಡಿ ಮುಚ್ಚಿಹೋಗಿತ್ತು. ಅದೆಲ್ಲಿತ್ತೆಂದು ಬಲ್ಲವರು ಇಬ್ಬರೇ. ಅವಳು ಅವನ ಕಡೆ ನೋಡಿದಳು. ಅವನ ನಾಲಿಗೆ ಎದ್ದು ಹಲ್ಲಿನವರೆಗೆ ಬಂದು ಅಲ್ಲಿಯೇ ಕುಳಿತಿತು. ಅವನು ಕಿಟಕಿ ನೋಡಿದ. ಅತ್ತೆ ಅವಳಿಗೆ ನಾಳೆಯಿಂದ ಬರಬೇಡ ಎಂದಳು.

ಆಮೇಲೆ ಅವನ ಒಳ್ಳೆಯತನಕ್ಕೆ ಹುಚ್ಚು ಹಿಡಿಯಿತು. ನರ್ಸ್ ಕೈಮುಗಿದು ಓಡಿಸುವವರೆಗೆ ರಕ್ತ ಕೊಟ್ಟ. ಯಾರದೋ ಬೀರುವನ್ನು ಬೆನ್ನ ಮೇಲೆ ಹೊತ್ತು ಮೇಲಿನ ಮಹಡಿಗೆ ಏರಿಸಿದ, ಮನೆ ತಪ್ಪಾಯಿತೆಂದು ಮತ್ತೆ ಇಳಿಸಿದ. ಇಂಥವನು ಕೆಟ್ಟವನಾಗಿರಲು ಹೇಗೆ ಸಾಧ್ಯ ಎಂದು ತನ್ನನ್ನೇ ಕೇಳಿಕೊಂಡು ಒಂದಿಷ್ಟು ನಿದ್ದೆ ಮಾಡುತ್ತಿದ್ದ. ಎಚ್ಚರವಾದರೆ ಅವಳ ಅದೇ ನೋಟ. ಕೊನೆಗೆ ಎಲ್ಲಕ್ಕಿಂತ ದೊಡ್ಡ ಒಳ್ಳೆಯ ಕೆಲಸವೊಂದು ಹೊಳೆಯಿತು.

ಕುಂಚಗಳನ್ನು ಒಯ್ಯಲು ಅವಳು ಬಂದಾಗ ಮೆಟ್ಟಿಲ ಮೇಲೆ ಅಡ್ಡ ನಿಂತ.

“ನನ್ನ ಮದುವೆ ಆಗ್ತೀಯಾ? ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.”

“ಯಾವ ಕಣ್ಣು? ಗೋಡೆ ನೋಡೋದಾ?”

ಅವನು ತಲೆ ತಗ್ಗಿಸಿದ. ಅವಳ ದನಿ ಮೆತ್ತಗಾಯಿತು.

“ಆಗ್ತೀನಿ ಕಣೋ. ಈಗ್ಲೇ ಬೇಕಾದ್ರೂ ಆಗ್ತೀನಿ. ಯಾರ ಕಣ್ಣು ಬರೆಯೋಕೆ ಹೋದ್ರೂ ಕೈ ನಿನ್ನ ಹಸಿರಿಗೇ ಹೋಗತ್ತೆ. ಆದ್ರೆ ಮೊದ್ಲು ಒಳಗೆ ಹೋಗಿ, ತಪ್ಪು ನಂದು ಅಂತ ಅತ್ತೆ ಹತ್ರ ಹೇಳ್ಬಿಡು. ಅಷ್ಟು ಸಾಕು.”

ಒಂದೊಂದು ಮೆಟ್ಟಿಲಿಗೂ ಒಂದೊಂದು ಯುಗ ಹಿಡಿದು ಅವನು ಒಳಗೆ ಹೋದ. ಅವಳು ಬಾಗಿಲಲ್ಲಿ ನಿಂತಳು.

“ಅತ್ತೆ, ಆ ತಪ್ಪು ಅವಳದಲ್ಲ. ಎಡ ಬಲ ಅದಲು ಬದಲು ಮಾಡಿದ್ದು ನಾನು.”

ಅತ್ತೆಯ ಕಣ್ಣು ತುಂಬಿ ಬಂತು. “ನೋಡಿದ್ರಾ! ಯಾರದೋ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಳ್ತಾನೆ! ನಮ್ಮಣ್ಣನ ಹೊಟ್ಟೇಲಿ ದೇವರೇ ಹುಟ್ಟಿದಾನೆ ಕಣ್ರೋ!”

ಕೆಲಸದವರೆಲ್ಲ ಉಪಕರಣ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಅತ್ತೆ ಬಾಗಿಲ ಕಡೆ ತಿರುಗಿದಳು. “ಇವನನ್ನ ನೋಡಿಯಾದ್ರೂ ನಾಚ್ಕೋ ತಾಯಿ. ಹೋಗ್ಲಿ, ಇವನಿಗೋಸ್ಕರ ಕ್ಷಮಿಸಿದೀನಿ. ನಾಳೆಯಿಂದ ಬಾ.”

‘ಇಲ್ಲ ಅತ್ತೆ, ನಿಜವಾಗ್ಲೂ ನಾನೇ’ ಎನ್ನಬೇಕಿತ್ತು. ಅಷ್ಟೇ. ಆದರೆ ಚಪ್ಪಾಳೆ ಬೆಚ್ಚಗಿತ್ತು. ಕುಸಿದುಹೋಗಿದ್ದ ಎದೆ ತಾನಾಗಿ ಏಳುತ್ತಿತ್ತು. ಅವನು ತಲೆ ತಗ್ಗಿಸಿ, ವಿನಯದಿಂದ, ಸ್ವಲ್ಪವೇ ಸ್ವಲ್ಪ ನಕ್ಕ.

ಅವಳು ಹತ್ತಿರ ಬಂದು ಅವನ ಕಾಲರ್ ಸರಿ ಮಾಡಿದಳು.

“ಹೊಗಳಿಸ್ಕೊಳೋವಾಗ ಎಷ್ಟು ಚೆಂದ ಕಾಣ್ತೀಯ ಗೊತ್ತಾ? ನಾನೂ ಬಿದ್ದಿದ್ದು ಇದೇ ಮುಖಕ್ಕೆ.”

“ಕುಂಚಮ್ಮಾ, ಹೇಳಿದ್ನಲ್ಲ ನಾನು…”

“ಹೇಳ್ದೆ. ಅವರು ನಂಬಲಿಲ್ಲ. ಆಮೇಲೆ ನೀನೂ ನಂಬಲಿಲ್ಲ.”

“ನಾಳೆ ಬರ್ತೀಯಲ್ಲ?”

“ಮಾಡದ ತಪ್ಪಿಗೆ ಕ್ಷಮೆ ತಗೊಂಡು ದಿನಾ ನಿನ್ನ ಎದುರು ಕೂರ್ಲಾ?” ಅವಳ ಬೆರಳು ಕಾಲರಿನ ಮೇಲೆ ಇನ್ನೊಂದು ಕ್ಷಣ ನಿಂತಿತು. “ಪ್ರೀತಿ ಇಲ್ಲ ಅಂತ ಹೋಗ್ತಿಲ್ಲ ಕಣೋ. ಇದೆ ಅಂತಲೇ ಹೋಗ್ತಿದೀನಿ.”

ಅವಳ ಹೆಜ್ಜೆ ಮೆಟ್ಟಿಲಿಳಿಯುತ್ತಾ ಕೇಳಿಸದಾಯಿತು. ಮೇಜಿನ ಮೇಲಿನ ಅಚ್ಚುಗಳೆಲ್ಲ ತೇಲಿಹೋಗುವಷ್ಟು ಅವನು ಅತ್ತ. ಒಂದು ಹನಿಯೂ ಸುಳ್ಳಲ್ಲ. ಅಳುವಿನ ನಡುವೆಯೇ ಅತ್ತೆ ನೋಡುತ್ತಿದ್ದಾಳೆಯೇ ಎಂದು ಓರೆಗಣ್ಣು ಹಾಯಿಸಿದ.

ನೋಡುತ್ತಿದ್ದಳು. ಅವನು ಕೆನ್ನೆಯನ್ನು ಸ್ವಲ್ಪ ಬೆಳಕಿನತ್ತ ತಿರುಗಿಸಿದ.