ಎಡೆಯ ಮುಂದೆ ಎರಡು ಸ್ಪೀಕರ್

ಗೆಳೆಯರು ನನ್ನನ್ನು ಕಾಗೆ ಹಾರಿಸುವವನು ಎನ್ನುತ್ತಾರೆ. ಇದು ಮಾತ್ರ ಹಾರಿಸಿದ್ದಲ್ಲ.

ಬಂಗಾಳದಲ್ಲಿ, ಸದರ್ನ್ ಅವೆನ್ಯೂವಿನ ನಮ್ಮ ಮನೆಯಲ್ಲಿ ಅಂದು ಅಪ್ಪಯ್ಯನ ಮೊದಲ ವರ್ಷದ ಶ್ರಾದ್ಧ. ಅಮ್ಮನಿಗೆ ಭಜನೆ ಕೇಳಲು ಎರಡು ಸ್ಮಾರ್ಟ್ ಸ್ಪೀಕರ್ ತಂದಿದ್ದೆ. ಒಂದನ್ನು ಆರಿಸಿ ಇನ್ನೊಂದನ್ನು ಹಿಂದಿರುಗಿಸಬೇಕಿತ್ತು.

ಟೆರೇಸಿನಲ್ಲಿ ಬಾಳೆಲೆಯ ಮೇಲೆ ಎಡೆ ಇಟ್ಟು ಎರಡು ತಾಸಾದರೂ ಒಂದು ಕಾಗೆಯೂ ಬರಲಿಲ್ಲ. ಸಕ್ಕರೆ ಕಾಯಿಲೆಯ ಅಮ್ಮ ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಒಂದು ತುತ್ತು ಉಣ್ಣಮ್ಮ."

"ಕಾಗೆ ಮುಟ್ಟದೆ ಉಣ್ಣುದಿಲ್ಲ ಮಾರಾಯ. ನಿನ್ನ ಅಪ್ಪಯ್ಯ ಹಸಿದಿರುವಾಗ ನಂಗೆಂತ ಊಟ?"

ನಾನು ಕಾಗೆಯ ಮಿಮಿಕ್ರಿ ಮಾಡಿದೆ. ಪ್ರಯೋಜನವಾಗಲಿಲ್ಲ. "ಇಲ್ಲಿನವಕ್ಕೆ ಬಂಗಾಳಿಯಲ್ಲೇ ಕೂಗಬೇಕೋ ಏನೋ!"

"ಮಂಗಾಟ ಸಾಕು," ಎಂದರು ಅಮ್ಮ.

ಸ್ಪೀಕರುಗಳನ್ನೇ ಮೇಲೆ ತಂದು ಕಾಗೆಯ ಕೂಗು ಹಾಕಿಸಿದೆ. ಚಿಕ್ಕದರ ದನಿ ಆಟಿಕೆಯಂತಿತ್ತು. ದೊಡ್ಡದು ಕೂಗಿದೊಡನೆ ಏಳು ಕಾಗೆಗಳು ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಒಂದೂ ಬಾಯಿ ಬಿಡಲಿಲ್ಲ, ಎಡೆಯತ್ತ ತಿರುಗಲಿಲ್ಲ. ಎಲ್ಲವೂ ಸ್ಪೀಕರನ್ನೇ ನೋಡುತ್ತಿದ್ದವು.

ನಾನು ವಯರ್ ಕಿತ್ತೆ. ಬ್ಯಾಟರಿಯೇ ಇಲ್ಲದ ಪೆಟ್ಟಿಗೆ ಕೂಗುತ್ತಲೇ ಇತ್ತು. ಮೇ ತಿಂಗಳ ಬಿಸಿಲಿನಲ್ಲೂ ಅದು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ಆಮೇಲೆ ತಾನಾಗಿ ನಿಂತಿತು.

"ಹೃಷಿ, ಎಲೆ ನೋಡು."

ಊಟ ಮುಗಿಸಿ ಏಳುವವರು ಮಡಚುವ ಹಾಗೆ ಎಲೆ ಅರ್ಧಕ್ಕೆ ಮಡಚಿಕೊಂಡಿತ್ತು. ಬಿಡಿಸಿದೆ. ಒಂದು ಅಗುಳೂ ಇರಲಿಲ್ಲ.

ಅಮ್ಮ ಎಲೆಗೆ ಕೈ ಮುಗಿದರು. "ಇನ್ನು ನಂಗೆ ಬಡಿಸು," ಎಂದರು.

ಕೆಳಗಿಳಿಯುವ ಮೊದಲು ಎಣಿಸಿದೆ. ಏಳೂ ಕಾಗೆಗಳು ಕೂತಲ್ಲಿಂದ ಕದಲಿರಲಿಲ್ಲ.